ಬೇಸಿಗೆಯ ಮಲೆನಾಡು, ಕಾಡಿನ ವಿಜ್ಞಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆಯಲ್ಲಿ ಕಳಸದ ಸುತ್ತಮುತ್ತಲ ಕಾಡಂಚಿನಲ್ಲಿ ಮಕ್ಕಳನ್ನೂ ಅವರ ಜೊತೆ ಬರುವ ದೊಡ್ಡವರನ್ನೂ ಸುತ್ತಾಡಿಸುವುದು ನನ್ನ ಹಲವು ವರ್ಷಗಳ ಕೆಲಸ. ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಊಟದ ಪಂಕ್ತಿಯಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಕೊನೆಗೆ.

## ಹೊರಡುವ ಮುನ್ನ

ಬೇಸಿಗೇಲಿ ಕಾಡಲ್ಲಿ ನೋಡೋಕೆ ಏನಿರತ್ತೆ ಸಾರ್? ಎಲ್ಲಾ ಒಣಗಿ ಹೋಗಿರಲ್ವಾ?

ಒಣಗುವುದು ಘಟ್ಟದ ಪೂರ್ವ ಮಗ್ಗುಲಿನ ಎಲೆ ಉದುರುವ ಕಾಡು. ಮಾರ್ಚ್‌ನಲ್ಲಿ ಭದ್ರಾ ಅಭಯಾರಣ್ಯದ ಮುತ್ತೋಡಿ ಕಡೆ ಹೋದರೆ ತೇಗ, ಮತ್ತಿ ಬೋಳಾಗಿ ನಿಂತಿರುತ್ತವೆ. ಅದೇ ವಾರ ಆಗುಂಬೆಗೋ ಕುದುರೆಮುಖಕ್ಕೋ ಬನ್ನಿ, ನಿತ್ಯಹರಿದ್ವರ್ಣದ ಕಾಡು ಮೈತುಂಬ ಚಿಗುರಿಕೊಂಡಿರುತ್ತದೆ.

ಮಲೆನಾಡಿನಲ್ಲಿ ಮಳೆಯೇ ಯಜಮಾನ. ಜೂನ್ ಮೊದಲ ವಾರಕ್ಕೆ ಮುಂಗಾರು ಹಿಡಿಯುತ್ತದೆ ಎಂದಿಟ್ಟುಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ, ಬೇಸಿಗೆ ಕಾಡಿನ ಅರ್ಧ ವ್ಯವಹಾರ ತಿಳಿದುಹೋಗುತ್ತದೆ. ಮಳೆ ಜೋರಾಗುವ ಮುಂಚೆ ಮಂಗಟ್ಟೆ ಹಕ್ಕಿಯ ಮರಿ ಪೊಟರೆಯಿಂದ ಹೊರಬೀಳಬೇಕು, ಹಲಸಿನ ಬೀಜ ನೆಲಕ್ಕೆ ಸೇರಿರಬೇಕು, ಎಳೆ ಎಲೆ ಬಲಿತಿರಬೇಕು, ಕಾಳಿಂಗ ಮೊಟ್ಟೆಯಿಟ್ಟು ಮುಚ್ಚಿರಬೇಕು. ಮದುವೆಯ ಹಿಂದಿನ ದಿನ ಮನೆಯಲ್ಲಿರುತ್ತದಲ್ಲ, ಆ ಗಡಿಬಿಡಿ. ಒಣಗಿದೆ ಅನ್ನಿಸಿದರೆ ತಲೆಯೆತ್ತಿ ನೋಡಿಲ್ಲ ಎಂದರ್ಥ.

ಯಾವ ತಿಂಗಳು ಬಂದ್ರೆ ಒಳ್ಳೇದು? ನಾವು ಅಮೆರಿಕದಿಂದ ಬರೋದು ಜೂನ್ ಕೊನೆಗೆ.

ಮಾರ್ಚ್ ಹೂವಿಗೆ, ಏಪ್ರಿಲ್ ಹಕ್ಕಿಗೆ, ಮೇ ಹಣ್ಣಿಗೂ ಹುಳಕ್ಕೂ. ಮಾರ್ಚ್‌ನಲ್ಲಿ ಸುರಗಿ, ನಾಗಸಂಪಿಗೆ ಬಿಡುತ್ತವೆ. ಒಂದಿಂಚು ಹೂಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಅದು ಎರಡು-ಮೂರು ದಿನದ ಸಂಭ್ರಮ, ಮೊದಲೇ ಟಿಕೆಟ್ ಮಾಡಿಸಿಕೊಂಡು ಬಂದು ನೋಡುತ್ತೇನೆಂದರೆ ಆಗದು. ಮೇ ತಿಂಗಳಲ್ಲಿ ಹಲಸು, ಮುರುಗಲು, ಕವಳೆ ಹಣ್ಣು, ನೇರಳೆ. ತಿಂಗಳ ಕೊನೆಗೆ ಮರದ ಕೊಂಬೆಗಳಲ್ಲಿ ಸೀತಾಳೆ ದಂಡೆ ಇಳಿಬೀಳುತ್ತದೆ.

ಜೂನ್ ಕೊನೆ ನಿಮ್ಮ ಮಕ್ಕಳ ಶಾಲೆಗೆ ಬೇಸಿಗೆ ರಜೆ, ನಮಗೆ ಮಳೆಗಾಲ. ಆಗ ಕೊಡೆ ಹಿಡಿದು ಕಪ್ಪೆ ನೋಡಲು ಬನ್ನಿ. ಉತ್ತರ ಕನ್ನಡದ ಹಳ್ಳಗಳಲ್ಲಿ ಒಂದು ಕಪ್ಪೆಯಿದೆ, ಗಂಡು ತನ್ನ ಮುಂಗಾಲಿನಿಂದ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. 2014ರಲ್ಲಿ ಅದನ್ನು ಹೊಸ ಪ್ರಭೇದವೆಂದು ವಿವರಿಸಿದ ವಿಜ್ಞಾನಿಗಳು ಇಟ್ಟ ಹೆಸರು ನಮ್ಮ ಕನ್ನಡದ್ದೇ, ‘ಕುಂಬಾರ’.

ಬೆಟ್ಟದ ಮೇಲೆ ತಂಪಿರತ್ತೆ ಅಂತೀರಿ, ಮತ್ತೆ ಟೋಪಿ ತನ್ನಿ ಅಂತೀರಿ. ಯಾವುದು ನಿಜ?

ಎರಡೂ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಮಂಗಳೂರಿನ ಕಡಲತೀರದಲ್ಲಿ 34 ಡಿಗ್ರಿ ಇರುವಾಗ ಗಿರಿಯ ನೆತ್ತಿಯಲ್ಲಿ ಲೆಕ್ಕದ ಪ್ರಕಾರ 22ರ ಆಸುಪಾಸು. ಆದರೆ ಮೇಲೆ ಹೋದಷ್ಟೂ ಬಿಸಿಲನ್ನು ಸೋಸುವ ಗಾಳಿಯ ಪದರ ತೆಳುವಾಗುತ್ತದೆ, ಅತಿನೇರಳೆ ಕಿರಣದ ಹೊಡೆತ ಸಾವಿರ ಮೀಟರಿಗೆ ಸುಮಾರು ಶೇ. 10ರಷ್ಟು ಏರುತ್ತದೆ. ತಣ್ಣನೆ ಗಾಳಿಗೆ ಮೈ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಸಂಜೆ ಮುಖ ತೊಳೆಯುವಾಗ ಗೊತ್ತಾಗುತ್ತದೆ.

ಏಪ್ರಿಲ್‌ನಲ್ಲಿ ಟ್ರೆಕ್ಕಿಂಗ್ ಬಂದ್ ಅಂದ್ರು. ಹಾಗಾದ್ರೆ ಬಂದು ಏನು ಮಾಡೋದು?

ಕಾಳ್ಗಿಚ್ಚಿನ ದಿನಗಳಲ್ಲಿ, ಸಾಮಾನ್ಯವಾಗಿ ಫೆಬ್ರುವರಿಯಿಂದಾಚೆ, ಕುದುರೆಮುಖ, ಕುಮಾರಪರ್ವತದಂಥ ಚಾರಣದ ಹಾದಿಗಳನ್ನು ಅರಣ್ಯ ಇಲಾಖೆ ಮುಚ್ಚುತ್ತದೆ. ತೆರೆದಿರುವಾಗಲೂ ಆನ್‌ಲೈನ್ ಬುಕಿಂಗ್ ಬೇಕು. ಈ ಬಂದ್ ಬಗ್ಗೆ ನನ್ನ ತಕರಾರೇನೂ ಇಲ್ಲ. ಆಳೆತ್ತರದ ಒಣಹುಲ್ಲಿನ ನಡುವೆ ಒಂದು ಬೀಡಿ ತುಂಡು ಸಾಕು.

ನೋಡಬೇಕಾದದ್ದಕ್ಕೆ ಶಿಖರ ಹತ್ತಬೇಕಾಗಿಯೂ ಇಲ್ಲ. ಹಳ್ಳದ ದಂಡೆ, ಅಡಿಕೆ ತೋಟ, ದೇವರಕಾಡಿನ ಅಂಚು, ಊರ ಗೋಳಿಮರ, ಇವಿಷ್ಟರಲ್ಲಿ ನಾಲ್ಕು ದಿನ ಕಳೆಯಬಹುದು. ತುದಿ ಮುಟ್ಟಿ ಬಂದವರು ಫೋಟೊ ತರುತ್ತಾರೆ. ಹಣ್ಣಾದ ಬಸರಿ ಮರದ ಕೆಳಗೆ ಎರಡು ತಾಸು ಕೂತವರ ಪಟ್ಟಿ ಅದಕ್ಕಿಂತ ಉದ್ದವಿರುತ್ತದೆ.

ಇಂಬಳ ಕಚ್ಚಲ್ವಾ?

ಬೇಸಿಗೆಯಲ್ಲಿ ಅಪರೂಪ. ಒಣಹವೆಗೆ ಈ ನೆಲದ ಜಿಗಣೆಗಳು ದರಗಿನಡಿ, ಅಂದರೆ ಉದುರಿದ ಎಲೆರಾಶಿಯಡಿ, ಮಣ್ಣಿನ ಬಿರುಕಿನಲ್ಲಿ ಅಡಗಿರುತ್ತವೆ, ಎರಡು ಅಡ್ಡಮಳೆ ಬಿತ್ತೆಂದರೆ ಎದ್ದು ಬರುತ್ತವೆ. ಇಂಬಳಕ್ಕೆ ಹೆದರುವವರು ಬೇಸಿಗೆಯಲ್ಲಿ ಹೆದರಬೇಕಾದದ್ದು ರಕ್ತ ಹೀರುವ ಉಣ್ಣೆಗೆ, ಅದೇ ಉಣುಗಿಗೆ.

ಮಂಗನ ಕಾಯಿಲೆ ಸುದ್ದಿ ಓದಿದ್ವಿ. ಮಕ್ಕಳನ್ನ ಕರ್ಕೊಂಡು ಬರೋದು ಸರಿನಾ?

ಇದನ್ನು ಕೇಳದೆ ಬರುವವರ ಬಗ್ಗೆ ನನಗೆ ಹೆಚ್ಚು ಚಿಂತೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಪತ್ತೆಯಾದ ವೈರಸ್ ಇದು. ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಜಗತ್ತಿನ ವೈದ್ಯಶಾಸ್ತ್ರದಲ್ಲಿ ಹೆಸರು. ಹರಡುವುದು ಕಾಡಿನ ಉಣ್ಣೆಯಿಂದ. ದೊಡ್ಡ ಉಣ್ಣೆಯಲ್ಲ, ಸಾಸಿವೆಗಿಂತ ಸಣ್ಣ ಮರಿ ಉಣ್ಣೆ. ಅವುಗಳ ಕಾಟ ಹೆಚ್ಚುವುದು ಮಳೆ ನಿಂತ ಮೇಲೆ, ಹಾಗಾಗಿ ಡಿಸೆಂಬರಿನಿಂದ ಮೇವರೆಗೆ ಕಾಯಿಲೆಯ ಕಾಲ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.

ಬರುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೊಂದು ಫೋನ್ ಮಾಡಿ ಈ ವರ್ಷ ಆ ಕಡೆ ಪ್ರಕರಣ ಇದೆಯಾ ಕೇಳಿ. ಇದ್ದರೆ ಕಾಡಿಗೆ ಬೇಡ, ಬೇರೆ ತಾಲ್ಲೂಕಿಗೆ ಹೋಗೋಣ. ಇಲ್ಲದಿದ್ದರೂ ತುಂಬುತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ದರಗಿನ ಮೇಲೆ ಕೂರುವಂತಿಲ್ಲ. ವಾಪಸು ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ. ಕಿವಿಯ ಹಿಂದೆ, ಕಂಕುಳು, ಮಂಡಿಯ ಸಂದು ನೋಡಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ, ಉಗುರಿನಲ್ಲಿ ಹಿಚುಕಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ. ಹೋಗಿಬಂದ ಒಂದು ವಾರ-ಹತ್ತು ದಿನದೊಳಗೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆವು’ ಎಂದು ನೀವಾಗಿಯೇ ಹೇಳಿ. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಅದು ಮೊದಲು ಹೊಳೆಯುವ ಹೆಸರಲ್ಲ.

ಜೇನು ಎದ್ದರೆ ಏನು ಮಾಡಬೇಕು?

ಓಡಬೇಕು. ಕೈ ಬೀಸದೆ, ಮುಖ ಮುಚ್ಚಿಕೊಂಡು, ಪೊದೆಯ ಕಡೆಗೋ ಕಟ್ಟಡದೊಳಗೋ. ನೀರಿಗೆ ಹಾರಿದರೆ ತಲೆ ಎತ್ತುವವರೆಗೆ ಮೇಲೆಯೇ ಕಾಯುತ್ತವೆ.

ತುಡುವೆ, ಕೋಲುಜೇನು, ಮಿಸರಿ ಸಾಧುಗಳು. ತಂಟೆ ಹೆಜ್ಜೇನಿನದು. ಬಂಡೆಯ ಚಾಚು, ದೊಡ್ಡ ಮರದ ಟೊಂಗೆಗಳಲ್ಲಿ ಬಯಲಾಗಿಯೇ ಹಲ್ಲೆ ಕಟ್ಟುತ್ತದೆ. ಒಂದು ವರ್ಷ ನಾನೂ ಜೊತೆಗಿದ್ದ ಶಿಬಿರದಲ್ಲಿ ಒಬ್ಬರು ಘಮಘಮಿಸುವ ಸೆಂಟು ಹಾಕಿಕೊಂಡು ಬಂದಿದ್ದರು, ನಾನು ಸಂಕೋಚಕ್ಕೆ ಸುಮ್ಮನಿದ್ದೆ. ಬಂಡೆಯ ಬುಡದಲ್ಲಿ ಎಲ್ಲರೂ ಕೂಗಾಡಿದ್ದೂ ಸೇರಿ ಹನ್ನೊಂದು ಮುಳ್ಳು ನನ್ನ ಕುತ್ತಿಗೆಗೇ ಬಿದ್ದವು. ಈಗ ಸಂಕೋಚವಿಲ್ಲ, ಸೆಂಟು ಹಾಕಿದವರಿಗೆ ಸ್ನಾನ ಮಾಡಿಸಿಯೇ ಹೊರಡುವುದು.

## ಕಂಡದ್ದು, ಕೇಳಿದ್ದು

ಎಳೆ ಎಲೆ ಯಾಕೆ ಕೆಂಪಗಿರತ್ತೆ? ಹೂವು ಅಂದ್ಕೊಂಡ್ವಿ.

ಮಾವು, ನಾಗಸಂಪಿಗೆ, ಇನ್ನೂ ಎಷ್ಟೋ ಮರಗಳ ಚಿಗುರು ತಾಮ್ರದಿಂದ ಕಡುಗೆಂಪಿನವರೆಗೆ ಇರುತ್ತದೆ. ಆಂಥೋಸಯನಿನ್ ಎಂಬ ಬಣ್ಣ. ಹಸಿರು ತುಂಬುವ ಯಂತ್ರ ಇನ್ನೂ ಜೋಡಣೆಯಾಗುತ್ತಿರುವಾಗ ಬಿಸಿಲ ಹೊಡೆತದಿಂದ ಎಲೆಗೆ ರಕ್ಷಣೆ ಎನ್ನುವುದು ಒಂದು ವಿವರಣೆ. ಹುಳುಗಳ ಕಣ್ಣಿಗೆ ಕೆಂಪು ಸರಿಯಾಗಿ ಕಾಣದು, ತಿನ್ನುವಂಥ ಎಲೆಯಂತೆ ತೋರದು ಎನ್ನುವುದು ಇನ್ನೊಂದು. ಎರಡಕ್ಕೂ ಪುರಾವೆ ಇದೆ, ಜಗಳ ತೀರ್ಮಾನವಾಗಿಲ್ಲ. ಎಲೆಯನ್ನು ಬೆರಳಲ್ಲಿ ಹಿಡಿದು ನೋಡಿ: ಒದ್ದೆ ಬಟ್ಟೆಯಂತೆ ಜೋಲುತ್ತದೆ, ತೊಟ್ಟಿನಲ್ಲಿ ಬಲವೇ ಇಲ್ಲ. ನಾಲ್ಕು ವಾರ ಬಿಟ್ಟು ಅದೇ ಎಲೆ ಹಿಡಿದರೆ ಚರ್ಮದ ಹಾಗೆ. ಮಳೆ ಬಂದು ಕಂಬಳಿಹುಳಗಳ ಸುಗ್ಗಿ ಶುರುವಾಗುವ ಮೊದಲು ಬಲಿತುಬಿಡಬೇಕು ಎನ್ನುವ ಆತುರ ಅದರದ್ದು.

ಮಧ್ಯಾಹ್ನ ಕಿವಿ ತೂತಾಗೋ ಹಾಗೆ ಕಿರ್ರ್ ಅನ್ನೋದು ಯಾವುದು? ಅಮೆರಿಕದ್ದು 17 ವರ್ಷಕ್ಕೊಮ್ಮೆ ಬರತ್ತಲ್ಲ, ಅದೇನಾ?

ಜೀರುಂಡೆ, ಅದೇ ಬಳಗ. ಕೂಗುವುದು ಗಂಡು. ಬಾಯಿಂದಲ್ಲ, ರೆಕ್ಕೆ ಉಜ್ಜಿಯೂ ಅಲ್ಲ. ಹೊಟ್ಟೆಯ ಎರಡು ಬದಿ ಬಿಗಿದ ತಮಟೆಯಂಥ ಪೊರೆಯಿದೆ, ಸ್ನಾಯು ಅದನ್ನು ಒಳಗೆಳೆದು ಬಿಟ್ಟಾಗ ‘ಟಿಕ್’ ಎನ್ನುತ್ತದೆ. ಹಳೇ ಡಬ್ಬಿಯ ಮುಚ್ಚಳ ಒತ್ತಿ ಬಿಟ್ಟ ಹಾಗೆ. ಸೆಕೆಂಡಿಗೆ ನೂರಾರು ಸಲ ಆದಾಗ ನಿಮ್ಮ ಕಿವಿ ತೂತಾಗುತ್ತದೆ. ಹೊಟ್ಟೆ ಹೆಚ್ಚುಕಡಿಮೆ ಟೊಳ್ಳು, ವೀಣೆಯ ಬುರುಡೆಯಂತೆ ಸದ್ದು ದೊಡ್ಡದು ಮಾಡುತ್ತದೆ.

ಹದಿಮೂರು, ಹದಿನೇಳು ವರ್ಷಕ್ಕೊಮ್ಮೆ ಒಟ್ಟಾಗಿ ಏಳುವವು ಉತ್ತರ ಅಮೆರಿಕದ ಪೂರ್ವ ಭಾಗದವು. ನಮ್ಮಲ್ಲೂ ಮರಿಗಳು ಮಣ್ಣಿನಡಿ ಬೇರಿನ ರಸ ಹೀರುತ್ತಾ ವರ್ಷಗಟ್ಟಲೆ ಇರುತ್ತವೆ, ಆದರೆ ಪ್ರತಿ ಬೇಸಿಗೆಯೂ ಒಂದಷ್ಟು ಮೇಲೆ ಬರುತ್ತವೆ. ಭಾರತದಲ್ಲಿ ಎಣಿಸಿ ಬರುವ ಜೀರುಂಡೆ ಬೇಕೆಂದರೆ ಮೇಘಾಲಯದ ರಿ-ಭೋಯ್ ಜಿಲ್ಲೆಗೆ ಹೋಗಬೇಕು, ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ. ಕಾಂಡದ ಮೇಲೆ ಬೆನ್ನು ಸೀಳಿದ ಕಂದು ಪೊರೆ ಸಿಕ್ಕರೆ ಬಿಡಿಸಿ ತನ್ನಿ. ಮುಂಗಾಲು ನೋಡಿ, ಗುದ್ದಲಿಯ ಹಾಗಿದೆ. ಅಷ್ಟು ವರ್ಷ ಮಣ್ಣು ತೋಡಿದ ಕಾಲು ಅದು.

ಬೆಳಗಿನ ಜಾವ ಹಳ್ಳದ ಕಡೆಯಿಂದ ಯಾರೋ ಶಿಳ್ಳೆ ಹೊಡೀತಿದ್ರು...

ಮನುಷ್ಯರಲ್ಲ, ಸರಳೆ ಸಿಳ್ಳಾರ. ಕಡುನೀಲಿ ಹಕ್ಕಿ, ಹರಿವ ನೀರಿನ ಪಕ್ಕದ ಬಂಡೆ ಸಂದಿನಲ್ಲಿ ಗೂಡು. ಮರೆಗುಳಿ ಹುಡುಗ ರಾಗ ನೆನಪಿಸಿಕೊಳ್ಳುತ್ತಾ ನಡೆದ ಹಾಗೆ ಹಾಡುತ್ತದೆ. ಬೆಳಕು ಹರಿದ ಮೇಲೆ ಎದ್ದವರಿಗೆ ಸಿಗುವುದು ಕಡಿಮೆ.

ಮಿಂಚುಹುಳ ಒಂದೇ ಸಲ ಹತ್ತಿ ಒಂದೇ ಸಲ ಆರೋದು ಹೇಗೆ? ಯಾರು ಸ್ವಿಚ್ ಹಾಕೋದು?

ಯಾರೂ ಇಲ್ಲ, ಅದೇ ಬೆರಗು. ಪ್ರತಿ ಗಂಡಿಗೂ ತನ್ನದೇ ತಾಳವಿದೆ. ಪಕ್ಕದ ಹುಳ ಮಿನುಗಿದ್ದು ಕಂಡಾಗ ತನ್ನ ತಾಳವನ್ನು ಒಂಚೂರು ಹಿಂದೆಮುಂದೆ ಸರಿಸಿಕೊಳ್ಳುತ್ತದೆ. ಪ್ರತಿಯೊಂದೂ ನೆರೆಯವನಿಗೆ ಹೊಂದಿಕೊಳ್ಳುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಇಡೀ ಮರಕ್ಕೆ ಒಂದೇ ತಾಳ. ಭಜನೆಯಲ್ಲಿ ಚಪ್ಪಾಳೆ ತಾನಾಗಿ ಕೂಡುವುದಿಲ್ಲವೇ, ಹಾಗೆ. ಬೆಳಕು ಬರುವುದು ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದ ಜೊತೆ ಸೇರಿದಾಗ. ಶಾಖ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಮುಂಗಾರಿಗೆ ಎರಡು-ಮೂರು ವಾರ ಮುಂಚೆ, ಒಂದೆರಡು ಗುಡುಗಿನ ಮಳೆ ಬಿದ್ದು ನೆಲ ನೆನೆದ ಮೇಲೆ ಅವುಗಳ ಸುಗ್ಗಿ. ಹುಳ ಬೆಳಕಾಗಿ ಬದುಕುವುದು ಕೆಲವೇ ವಾರ, ಅದಕ್ಕೆ ಮೊದಲು ತಿಂಗಳುಗಟ್ಟಲೆ ಮರಿಯಾಗಿ ದರಗಿನಡಿ ಬಸವನಹುಳ ತಿಂದುಕೊಂಡಿರುತ್ತದೆ. ನೀವು ನೋಡಲು ಬಂದಾಗ ಟಾರ್ಚ್, ಮೊಬೈಲ್ ಪರದೆ, ಕಾರಿನ ಹೆಡ್‌ಲೈಟ್ ಎಲ್ಲ ಆರಿಸಬೇಕು. ಅವುಗಳ ಮದುವೆ ಮಾತುಕತೆ ನಡೆಯುವುದು ಆ ಮಿಣುಕಿನಲ್ಲೇ. ನಿಮ್ಮ ಫ್ಲ್ಯಾಶ್ ಬಿದ್ದರೆ ಮಾತು ಮುರಿಯುತ್ತದೆ.

ಒದ್ದೆ ಮರಳಲ್ಲಿ ಚಿಟ್ಟೆಗಳು ಗುಂಪಾಗಿ ಕೂತಿದ್ವು, ನೀರು ಕುಡಿಯೋಕಾ?

ಉಪ್ಪಿಗೆ. ಹೂವಿನ ಮಕರಂದದಲ್ಲಿ ಸಕ್ಕರೆ ಧಾರಾಳ, ಸೋಡಿಯಂ ಇಲ್ಲವೇ ಇಲ್ಲ ಎನ್ನಬಹುದು. ಹಳ್ಳ ಇಳಿದು ದಂಡೆ ಒಣಗುವಾಗ ಲವಣ ಮೇಲಕ್ಕೆ ಬಂದಿರುತ್ತದೆ. ಕೂತವು ಬಹುತೇಕ ಗಂಡುಗಳು, ಹೀರಿದ ಉಪ್ಪಿನಂಶವನ್ನು ಕೂಡುವಾಗ ಹೆಣ್ಣಿಗೆ ದಾಟಿಸುತ್ತವೆ, ಅದು ಮೊಟ್ಟೆಗೆ ಹೋಗುತ್ತದೆ. ನಿಧಾನಕ್ಕೆ ಮಂಡಿಯೂರಿ ಒಂದೇ ಚಿಟ್ಟೆಯ ಹಿಂಬದಿ ನೋಡುತ್ತಿರಿ, ಕೆಲವು ಜಾತಿಗಳಲ್ಲಿ ಮುಂದಿನಿಂದ ಹೀರುತ್ತಾ ಹಿಂದಿನಿಂದ ಹನಿ ಹನಿಯಾಗಿ ಚಿಮ್ಮುವುದು ಕಾಣುತ್ತದೆ. ಮಕ್ಕಳು ಒಮ್ಮೆ ನೋಡಿದರೆ ಆ ದಿನ ಬೇರೆ ಏನೂ ತೋರಿಸಬೇಕಾಗಿಲ್ಲ.

ಅಡಿಕೆ ಮರದಿಂದ ಮರಕ್ಕೆ ಎಲೆ ಹಾರಿದ ಹಾಗಾಯ್ತು. ಓತಿನಾ ಅದು?

ಹೌದು, ಹಾರುವ ಓತಿ. ಪಶ್ಚಿಮಘಟ್ಟ ಮತ್ತು ಅದರ ಆಸುಪಾಸಿನ ದಕ್ಷಿಣದ ಕಾಡುಗಳಿಗೇ ಸೀಮಿತವಾದ ಜೀವಿ. ಪಕ್ಕೆಲುಬುಗಳೇ ಉದ್ದವಾಗಿ ಹೊರಚಾಚಿ, ಅವುಗಳ ನಡುವಿನ ತೊಗಲು ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಹಾರುವುದಲ್ಲ, ತೇಲಿ ಇಳಿಯುವುದು. ಕೂತ ಮೇಲೆ ಕಾಣುವುದು ಕಷ್ಟ, ಮೈಬಣ್ಣ ಅಡಿಕೆ ಮರದ ಬೂದು ಕಲೆಗಳ ನಕಲು. ಗಂಡು ಗಂಟಲ ಕೆಳಗಿನ ಹಳದಿ ತೊಗಲನ್ನು ಬಾವುಟದಂತೆ ಚಾಚಿ ಮಡಚುವಾಗ ಸಿಕ್ಕಿಬೀಳುತ್ತದೆ. ಹೆಣ್ಣು ನೆಲಕ್ಕಿಳಿಯುವುದು ಮಣ್ಣಲ್ಲಿ ಮೊಟ್ಟೆ ಹೂಳಲು. ತೋಟಕ್ಕೆ ಕೀಟನಾಶಕ ಹೊಡೆದರೆ ಇರುವೆ ಹೋಗುತ್ತದೆ, ಇರುವೆ ತಿಂದು ಬದುಕುವ ಓತಿಯೂ ಹೋಗುತ್ತದೆ.

ಮೇನಲ್ಲಿ ಬಂದ್ರೆ ಕುರಿಂಜಿ ಹೂ ಸಿಗತ್ತಾ?

ಇಲ್ಲ. ಅದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮಾತು, ಅದೂ ಪ್ರತಿ ವರ್ಷ ಅಲ್ಲ. ಮೇನಲ್ಲಿ ಗಿಡ ಮಾತ್ರ.

## ಸ್ವಲ್ಪ ಆಳಕ್ಕೆ

ಮಂಗಟ್ಟೆ ಹೆಂಡತೀನ ಪೊಟರೇಲಿ ಕೂಡಿಹಾಕತ್ತಂತೆ, ನಿಜನಾ? ಅದೂ ಬೇಸಿಗೇಲೇ ಯಾಕೆ?

ಕೂಡಿಹಾಕುವುದಲ್ಲ, ಅವಳೇ ಒಳಗೆ ಹೋಗಿ ತನ್ನ ಹಿಕ್ಕೆ, ಹಣ್ಣಿನ ತಿರುಳು ಮೆತ್ತಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕೊಕ್ಕು ತೂರುವಷ್ಟು ಸೀಳು ಬಿಟ್ಟಿರುತ್ತಾಳೆ. ದೊಡ್ಡ ಮಂಗಟ್ಟೆಯಲ್ಲಿ ಈ ಬಾಣಂತನ ಮೂರರಿಂದ ನಾಲ್ಕು ತಿಂಗಳು. ಒಳಗಿದ್ದಾಗ ರೆಕ್ಕೆಯ ಗರಿಗಳನ್ನೂ ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತಾಳೆ. ಅಷ್ಟೂ ದಿನ ಸಂಸಾರಕ್ಕೆ ಅನ್ನ ತರುವುದು ಗಂಡು ಒಬ್ಬನೇ. ಗಂಡು ಸತ್ತರೆ ಗೂಡಿನ ಗತಿಯೂ ಮುಗಿದ ಹಾಗೆ.

ಬೇಸಿಗೆಯಲ್ಲೇ ಯಾಕೆಂದರೆ ಹಣ್ಣು. ಅದರಲ್ಲೂ ಆಲ, ಗೋಳಿ, ಬಸರಿ, ಅತ್ತಿಯ ಬಳಗ. ಬೇರೆ ಮರಗಳು ಒಂದು ಋತುವಿಗೆ ಹಣ್ಣು ಬಿಟ್ಟು ಮುಗಿಸುತ್ತವೆ. ಅತ್ತಿ ಬಳಗದ ಮರಗಳು ಒಂದೊಂದೂ ಒಂದೊಂದು ಹೊತ್ತಿಗೆ ಹಣ್ಣಾಗುತ್ತವೆ, ಯಾಕೆಂದರೆ ಪರಾಗಸ್ಪರ್ಶ ಮಾಡುವ ಪುಟ್ಟ ಕಣಜ ಕೆಲವೇ ದಿನ ಬದುಕುವುದು, ಅದಕ್ಕೆ ಸದಾ ಎಲ್ಲಾದರೂ ಒಂದು ಮರ ತಯಾರಿರಬೇಕು. ಕಣಜದ ಈ ಅವಸರದಿಂದ ಮಂಗಟ್ಟೆಗೆ ಬರಗಾಲದಲ್ಲೂ ಊಟ. ನೋಡಬೇಕೆಂದರೆ ದಾಂಡೇಲಿ. ನಮ್ಮ ನಾಲ್ಕೂ ಬಗೆಯ ಮಂಗಟ್ಟೆಗಳು ಅಲ್ಲಿವೆ. ಗೂಡಿನ ಮರದ ಬುಡಕ್ಕೆ ಮಾತ್ರ ಹೋಗಬೇಡಿ. ನೀವು ನಿಂತಿದ್ದರೆ ಹಣ್ಣು ತಂದ ಗಂಡು ಹೊರಗೇ ಸುತ್ತಾಡುತ್ತಿರುತ್ತದೆ, ಒಳಗಿನವರು ಉಪವಾಸ.

ಕಾಳಿಂಗ ಸರ್ಪ ಗೂಡು ಕಟ್ಟತ್ತಂತೆ. ಹಾವು ಎಲ್ಲಾದ್ರೂ ಗೂಡು ಕಟ್ಟತ್ತಾ?

ಇದೊಂದು ಕಟ್ಟುತ್ತದೆ. ಮಾರ್ಚ್ ಹೊತ್ತಿಗೆ ಗಂಡುಗಳು ಹೆಣ್ಣಿನ ಜಾಡು ಹಿಡಿದು ಊರೊಳಗೂ ಬರುತ್ತವೆ. ಬೇಸಿಗೆಯಲ್ಲಿ ಹಾವು ಹಿಡಿಯುವವರಿಗೆ ಪುರುಸೊತ್ತಿಲ್ಲದ್ದು ಇದಕ್ಕೇ. ಎರಡು ಗಂಡು ಎದುರಾದರೆ ಕಚ್ಚಾಡುವುದಿಲ್ಲ, ಹೆಣೆದುಕೊಂಡು ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತುತ್ತವೆ. ಜನ ಇದನ್ನು ಮಿಲನ ಎಂದು ವಿಡಿಯೊ ಹಾಕುತ್ತಾರೆ, ಅದು ಕುಸ್ತಿ.

ಏಪ್ರಿಲ್-ಮೇನಲ್ಲಿ ಹೆಣ್ಣು ಬಿದಿರುಮೆಳೆಯ ಬುಡದಂಥ ಜಾಗ ಆರಿಸಿ ದೇಹದ ಸುರುಳಿಯಿಂದಲೇ ದರಗನ್ನು ಗುಡ್ಡೆ ಹಾಕುತ್ತದೆ. ಕೈಯಿಲ್ಲದ ಪ್ರಾಣಿ ಎಲೆ ಗುಡಿಸುವುದನ್ನು ಊಹಿಸಿಕೊಳ್ಳಿ. ಒಳಗೆ ಇಪ್ಪತ್ತು-ಮೂವತ್ತು ಮೊಟ್ಟೆ. ಗೊಬ್ಬರಗುಂಡಿಯಲ್ಲಿ ಕೈಯಿಟ್ಟರೆ ಬೆಚ್ಚಗಿರುತ್ತದಲ್ಲ, ಕೊಳೆಯುವ ಎಲೆಯ ಆ ಶಾಖವೇ ಕಾವು. ಮೇಲಿನ ಎಲೆಗಳು ಹೆಂಚಿನಂತೆ ಒಂದರ ಮೇಲೊಂದು ಒತ್ತಿ ಕೂತಿರುವುದರಿಂದ ಮುಂಗಾರಿನ ಜಡಿಮಳೆಯಲ್ಲೂ ಒಳಗೆ ನೀರು ನಿಲ್ಲುವುದಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯಲ್ಲಿ ಇದು ಸಣ್ಣ ಕೆಲಸವಲ್ಲ. ಎರಡು-ಮೂರು ತಿಂಗಳಿಗೆ ಮರಿ ಹೊರಬರುತ್ತದೆ, ಕಪ್ಪೆ, ಸಣ್ಣ ಹಾವುಗಳ ಸುಗ್ಗಿಯ ಹೊತ್ತಿಗೆ.

ಆಗುಂಬೆಯಲ್ಲಿ ಹಾವು ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ ಕಾಳಿಂಗಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ಜಾಡು ಹಿಡಿದಿದ್ದಾರೆ. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಜೊತೆಗಾರರು, ಇಷ್ಟು ವರ್ಷ ಒಂದೇ ಎಂದುಕೊಂಡಿದ್ದ ಕಾಳಿಂಗ ನಿಜಕ್ಕೂ ನಾಲ್ಕು ಪ್ರಭೇದ ಎಂದು ತೋರಿಸಿದರು. ಪಶ್ಚಿಮಘಟ್ಟದ ನಮ್ಮ ಹಾವಿನ ವೈಜ್ಞಾನಿಕ ಹೆಸರೀಗ ಒಫಿಯೊಫೇಗಸ್ ಕಾಳಿಂಗ. ಅಜ್ಜಿ ಕರೆದ ಹೆಸರನ್ನೇ ಶಾಸ್ತ್ರವೂ ಕರೆಯಿತು.

ಒಂದು ಎಚ್ಚರಿಕೆ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಳಿಂಗನಿಗೆ ಅದು ನಾಟುವುದಿಲ್ಲ. ಗೂಡು ಕಂಡರೆ ಹಿಂದೆ ಸರಿದು ಅರಣ್ಯ ಇಲಾಖೆಗೆ ಹೇಳಿ, ಲೊಕೇಶನ್ ಯಾವ ಗ್ರೂಪಿಗೂ ಹಾಕಬೇಡಿ.

ಬೆಟ್ಟದ ನೆತ್ತಿ ಯಾಕೆ ಬೋಳು? ಮರ ಕಡಿದಿದ್ದಾ? ಗಿಡ ನೆಡಬಹುದಲ್ವಾ?

ದಯವಿಟ್ಟು ನೆಡಬೇಡಿ. ಕುದುರೆಮುಖ, ಬಾಬಾಬುಡನ್‌ಗಿರಿಯಲ್ಲಿ ಕಾಣುವ ಹುಲ್ಲುಗಾವಲು ಕಾಡು ಹಾಳಾಗಿ ಉಳಿದದ್ದಲ್ಲ. ಗಾಳಿ, ತೆಳುಮಣ್ಣು, ಬೆಂಕಿ, ಚಳಿ ಇವೆಲ್ಲ ಸೇರಿ ಹುಲ್ಲನ್ನು ನೆತ್ತಿಯಲ್ಲೂ ಶೋಲಾ ಕಾಡನ್ನು ಕಣಿವೆಯ ಮಡಿಲಲ್ಲೂ ಇಟ್ಟಿವೆ. ನೀಲಗಿರಿಯ ಜೌಗುಮಣ್ಣಿನ ಇಂಗಾಲವನ್ನು ಪರೀಕ್ಷಿಸಿದವರಿಗೆ ಸುಮಾರು 20,000 ವರ್ಷದ ಹಿಂದೆಯೂ ಅಲ್ಲಿ ಹುಲ್ಲಿದ್ದದ್ದು ಕಂಡಿದೆ. ಹುಲ್ಲಿನ ಬೇರು, ಅದರಡಿಯ ಕಪ್ಪುಮಣ್ಣು ಮಳೆಗಾಲದ ನೀರನ್ನು ಕುಡಿದಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಶೋಲಾಗಳ ಮೂಲಕ ತೊಟ್ಟಿಕ್ಕಿಸುತ್ತವೆ. ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇಂಥ ನೆಲದಲ್ಲೇ. ಅಲ್ಲಿ ಅಕೇಶಿಯಾ ನೆಟ್ಟರೆ ಹಸಿರು ಕಾಣುತ್ತದೆ, ಏಪ್ರಿಲ್‌ನ ಹಳ್ಳ ಕಾಣುವುದಿಲ್ಲ.

ಬೆಂಕಿ ಬಿದ್ದರೆ ಹುಲ್ಲು ಚೆನ್ನಾಗಿ ಬರತ್ತೆ ಅಂತ ನಮ್ಮಜ್ಜ ಹೇಳ್ತಿದ್ರು. ಈಗ ಬೆಂಕಿ ಅಂದ್ರೆ ಅಪರಾಧ. ಯಾರು ಸರಿ?

ಯಾವಾಗ, ಎಲ್ಲಿ, ಎಷ್ಟು ಎನ್ನುವುದರ ಮೇಲೆ ಹೋಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ತರಗು ಬೆಂಕಿ ಎಂಬ ಪದ್ಧತಿಯಿತ್ತು. ಬೇಸಿಗೆಯ ಆರಂಭದಲ್ಲೇ, ನೆಲ ಇನ್ನೂ ತಂಪಾಗಿರುವಾಗ, ಉದುರಿದ ಎಲೆಗಷ್ಟೇ ಬೆಂಕಿ ತಾಗಿಸುವುದು. ಮಂಡಿಯೆತ್ತರ ಉರಿದು ಆರುತ್ತಿತ್ತು, ಮರದ ಬುಡ ಸುಡುತ್ತಿರಲಿಲ್ಲ. 1970ರ ದಶಕದಲ್ಲಿ ಅಲ್ಲಿ ಅಭಯಾರಣ್ಯವಾಗಿ ಬೆಂಕಿ ನಿಂತಿತು. ಆಮೇಲೆ ಲಂಟಾನ ಏರಿತು, ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂಬ ಪರಾವಲಂಬಿ ಹೆಚ್ಚಿತು ಎನ್ನುತ್ತಾರೆ ಸೋಲಿಗರು. ಅಲ್ಲಿ ಕೆಲಸ ಮಾಡಿದ ಪರಿಸರ ವಿಜ್ಞಾನಿಗಳೂ ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಲಂಟಾನ ತುಂಬಿದ ಕಾಡಿಗೆ ಏಪ್ರಿಲ್‌ನಲ್ಲಿ ಬೀಳುವ ಬೆಂಕಿ ಮರದ ನೆತ್ತಿ ಮುಟ್ಟುತ್ತದೆ, ಅದು ಅಜ್ಜನ ಬೆಂಕಿಯಲ್ಲ. ನಿತ್ಯಹರಿದ್ವರ್ಣದ ಕಾಡಿಗಂತೂ ಯಾವ ಬೆಂಕಿಯೂ ಒಗ್ಗುವುದಿಲ್ಲ. ಅಜ್ಜ ತನ್ನ ಬ್ಯಾಣದ (ಹುಲ್ಲುಗಾವಲಿನ) ಮಟ್ಟಿಗೆ ಸರಿಯಿದ್ದಿರಬಹುದು. ಈಗ ನೀವು ಹಚ್ಚಿದರೆ ಮಾತ್ರ ಕಾನೂನೂ ತಪ್ಪು, ಕಾಲವೂ ತಪ್ಪು.

## ತಾವೇ ಅಧ್ಯಯನ ಮಾಡಬೇಕೆನ್ನುವವರಿಗೆ

ಕರ್ನಾಟಕದಲ್ಲಿ 563 ಹುಲಿ ಅಂತಾರಲ್ಲ, ಅಷ್ಟು ಕರೆಕ್ಟಾಗಿ ಎಣಿಸೋದು ಹೇಗೆ? ಒಂದನ್ನೇ ಎರಡು ಸಲ ಎಣಿಸಲ್ವಾ?

563 ಎನ್ನುವುದು 2022ರ ಗಣತಿಯ ಅಂದಾಜು. ತಲೆ ಎಣಿಸಿದ್ದಲ್ಲ. ಮನೆಯಲ್ಲೇ ಮಾಡಿ ನೋಡಿ: ಡಬ್ಬಿಯಲ್ಲಿ ಹುರುಳಿ ಹಾಕಿಕೊಳ್ಳಿ, ಎಷ್ಟಿದೆ ಎಣಿಸಬೇಡಿ. 50 ಕಾಳು ತೆಗೆದು ಸುಣ್ಣದ ಚುಕ್ಕಿಯಿಟ್ಟು ವಾಪಸು ಹಾಕಿ ಚೆನ್ನಾಗಿ ಕುಲುಕಿ. ಈಗ ಕಣ್ಣುಮುಚ್ಚಿ 60 ತೆಗೆಯಿರಿ. ಅದರಲ್ಲಿ ಚುಕ್ಕಿಯವು 10 ಬಂದವು ಎನ್ನಿ. ಅರವತ್ತರಲ್ಲಿ ಹತ್ತು ಎಂದರೆ ಆರರಲ್ಲೊಂದು, ಹಾಗಾದರೆ ಇಡೀ ಡಬ್ಬಿಯ ಆರರಲ್ಲೊಂದು ಪಾಲು 50, ಒಟ್ಟು 300. ಆಮೇಲೆ ನಿಜವಾಗಿ ಎಣಿಸಿ ನೋಡಿ, ಎಷ್ಟು ಹತ್ತಿರ ಬಂದಿರೋ ಬೆರಗಾಗುತ್ತೀರಿ.

ಹುಲಿಗೆ ಸುಣ್ಣದ ಚುಕ್ಕಿ ಬೇಡ, ಪಟ್ಟೆಗಳಿವೆ. ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದರ ಪಟ್ಟೆ ಇನ್ನೊಂದಕ್ಕಿಲ್ಲ, ಎಡ ಮೈ ಬಲ ಮೈ ಕೂಡ ಬೇರೆ. ಅದಕ್ಕೇ ದಾರಿಯ ಎರಡೂ ಬದಿ ಕ್ಯಾಮೆರಾ ಕಟ್ಟುವುದು. ಹುಲಿಗೆ ಈ ಲೆಕ್ಕವನ್ನು ಮೊದಲು ಅನ್ವಯಿಸಿದವರು ಕೆ. ಉಲ್ಲಾಸ ಕಾರಂತ, 1990ರ ದಶಕದ ಆರಂಭದಲ್ಲಿ, ನಮ್ಮ ನಾಗರಹೊಳೆಯಲ್ಲಿ. ಕೆಲಸ ಹೆಚ್ಚಾಗಿ ಒಣಗಾಲದಲ್ಲಿ ನಡೆಯುತ್ತದೆ: ಕ್ಯಾಮೆರಾಕ್ಕೆ ಮಳೆಯ ಕಾಟವಿಲ್ಲ, ದಾರಿ ತೆರೆದಿರುತ್ತದೆ.

ಬೈನಾಕ್ಯುಲರ್, ಕ್ಯಾಮೆರಾ ಏನೂ ಇಲ್ಲ. ಮಗ ಏನು ಮಾಡಬಹುದು?

ಒಂದು ಮರ ಹಿಡಿದುಕೊಳ್ಳಲಿ. ಶಾಲೆಗೆ ಹೋಗುವ ದಾರಿಯ ಹಲಸೋ ಕಕ್ಕೆಯೋ ಸಾಕು. ವಾರಕ್ಕೊಮ್ಮೆ ಅದೇ ದಿನ ಹೋಗಿ ಚಿಗುರು, ಮೊಗ್ಗು, ಹೂ, ಕಾಯಿ, ಹಣ್ಣು ಇವುಗಳಲ್ಲಿ ಏನಿದೆ, ಎಷ್ಟಿದೆ ಬರೆಯಲಿ. ‘ಸೀಸನ್‌ವಾಚ್’ ಎಂಬ ಯೋಜನೆ ದೇಶದೆಲ್ಲೆಡೆಯ ಶಾಲಾಮಕ್ಕಳಿಂದ ಇದೇ ಮಾಹಿತಿ ಕೂಡಿಸುತ್ತದೆ. ನುಣುಪು ಧೂಳಿನಲ್ಲಿ ಲಾಳಿಕೆಯಂಥ ಗುಂಡಿ ತೋಡಿ ಇರುವೆಗೆ ಕಾಯುವ ಹುಳವಿದೆಯಲ್ಲ, ಅದರ ಗುಂಡಿಯ ಅಗಲ ಅಳೆದು ದೊಡ್ಡ ಗುಂಡಿಗೆ ದೊಡ್ಡ ಹುಳವೇ ಎಂದು ನೋಡುವುದೂ ಒಳ್ಳೆಯ ಪ್ರಯೋಗ. ಖರ್ಚು ಒಂದು ಸ್ಕೇಲು.

ಆ್ಯಪ್‌ನಲ್ಲಿ ಫೋಟೊ ಹಾಕಿದ್ರೆ ಹೆಸರು ಹೇಳತ್ತಲ್ಲ, ಸಾಕಲ್ವಾ?

ಐನ್ಯಾಚುರಲಿಸ್ಟ್, ಇ-ಬರ್ಡ್, ಮರ್ಲಿನ್ ಮೂರನ್ನೂ ನಾನು ಬಳಸುತ್ತೇನೆ. ಹೆಸರು ಸಿಕ್ಕ ಕೂಡಲೇ ನೋಡುವುದು ನಿಂತುಹೋಗುತ್ತದೆ ಎನ್ನುವುದೊಂದೇ ದೂರು. ಮಕ್ಕಳಿಗೆ ಮೊದಲು ಮೂರು ಸಾಲು ವರ್ಣನೆ, ಆಮೇಲೆ ಆ್ಯಪ್. ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಐನ್ಯಾಚುರಲಿಸ್ಟ್ ತಾನಾಗಿ ಮಸುಕು ಮಾಡುತ್ತದೆ. ಫೇಸ್‌ಬುಕ್ ಮಾಡುವುದಿಲ್ಲ, ಸೀತಾಳೆ ದಂಡೆಯ ಮರದ ಗುರುತು ಅಲ್ಲಿ ಹಾಕಿದರೆ ಮರುವಾರ ಗಿಡ ಇರುವುದಿಲ್ಲ. ಮೇ ತಿಂಗಳ ಎರಡನೇ ಶನಿವಾರದ ಜಾಗತಿಕ ಹಕ್ಕಿ ಎಣಿಕೆಯ ದಿನವೇ ನಮ್ಮಲ್ಲಿ ಸ್ಥಳೀಯ ಹಕ್ಕಿಗಳ, ಅಂದರೆ ಒಂದು ಸೀಮೆ ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿಗಳ, ದಿನ ಎಂದೂ ನಡೆಯುತ್ತದೆ. ಮಲೆನಾಡಿಗರಿಗೆ ಹೇಳಿಮಾಡಿಸಿದ್ದು.

ನಾನು ಬಿಎಸ್ಸಿ ಓದ್ತಿದೀನಿ. ರಜೇಲಿ ಕಾಡಲ್ಲಿ ಪ್ರಾಜೆಕ್ಟ್ ಮಾಡಬಹುದಾ?

ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದೊಳಗೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಬೇಕು, ಅದು ರಜೆಯೊಳಗೆ ಸಿಗುವ ವಸ್ತುವಲ್ಲ. ಆದ್ದರಿಂದ ಹೊರಗೆ ಮಾಡಿ. ನಿಮ್ಮೂರ ಕಾಫಿ ತೋಟದಲ್ಲಿ ಕಾಡುಮರದ ನೆರಳಿರುವ ಎಕರೆ, ಸಿಲ್ವರ್ ಓಕ್ ಮಾತ್ರ ಇರುವ ಎಕರೆ, ಎರಡರಲ್ಲೂ ಒಂದೇ ಹೊತ್ತಿಗೆ ಹತ್ತು ನಿಮಿಷ ನಿಂತು ಹಕ್ಕಿ ಎಣಿಸಿ. ಹೀಗೆ ಇಪ್ಪತ್ತು ಬೆಳಗು. ಯಾರ ಅನುಮತಿಯೂ ಬೇಡ, ತೋಟದ ಯಜಮಾನರು ಕಾಫಿಯನ್ನೂ ಕೊಡುತ್ತಾರೆ.

ಈ ಸಲ ಮಾವು ಬೇಗ ಹೂ ಬಿಟ್ಟಿತು. ಹವಾಮಾನ ಬದಲಾವಣೆ ಅಂತ ಬರೆಯಬಹುದಾ?

ಒಂದು ವರ್ಷ ನೋಡಿ ಬರೆಯುವ ಹಾಗಿಲ್ಲ. ಮಾವು ವರ್ಷ ಬಿಟ್ಟು ವರ್ಷ ಆಟವಾಡುವ ಮರ, ಚಳಿ, ಮೋಡ, ಹಿಂದಿನ ಫಸಲು ಎಲ್ಲವೂ ಅದನ್ನು ಎಳೆದಾಡುತ್ತವೆ. ಹತ್ತಾರು ವರ್ಷದ ತಾರೀಕುಗಳ ಸಾಲು ಬೇಕು. ಆ ಸಾಲು ನಮ್ಮಲ್ಲಿ ಎಲ್ಲಿದೆ ಗೊತ್ತಾ? ಹಳೇ ತೋಟಗಳ ಮಳೆ ಪುಸ್ತಕದಲ್ಲಿ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಬರೆದು ಅಂಚಿನಲ್ಲಿ ‘ಹೂವಾಯಿತು’, ‘ಹೆಜ್ಜೇನು ಬಂತು’ ಎಂದು ಗೀಚಿದವರಿದ್ದಾರೆ. ಮನೆ ಅಟ್ಟದಲ್ಲಿ ಅಂಥದ್ದಿದ್ದರೆ ಗೆದ್ದಲು ಹಿಡಿಯುವ ಮೊದಲು ಪುಟಪುಟವೂ ಫೋಟೊ ತೆಗೆದಿಡಿ.

ನಿಮ್ಮ ನೋಟ್‌ಬುಕ್‌ನಲ್ಲಿ ಏನು ಬರೀತೀರಿ? ಒಂದು ಪುಟ ತೋರಿಸ್ತೀರಾ?

ತಾರೀಕು, ಹೊತ್ತು, ಜಾಗ, ಹವೆ, ಆಮೇಲೆ ಕಂಡದ್ದು. ಅನ್ನಿಸಿದ್ದನ್ನು ಬರೆದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಕಳೆದ ಮೇ ತಿಂಗಳದ್ದು, ಕೃತ್ತಿಕೆ ಮಳೆಯ ಒಂದು ಸಂಜೆ:

“5.40. ಹಳ್ಳದ ಸಂಕ. ಮೋಡ, ಗಾಳಿ ನಿಂತಿದೆ. ಕುಟ್ರುಹಕ್ಕಿ ಮೂರು ಕಡೆಯಿಂದ. 6.10 ದಪ್ಪ ಹನಿ, ಹತ್ತು ನಿಮಿಷ. 6.25 ಹುತ್ತದ ಬುಡದಿಂದ ಈಚಲು ಏಳುತ್ತಿದೆ, ಎಣಿಸಲಾಗದು. ಕಾಜಾಣ ನಾಲ್ಕು, ಸಂಕದ ಕಂಬಿಯಿಂದ ಹಾರಿ ಹಿಡಿಯುತ್ತಿವೆ. ಗೋಡೆಯ ಮೇಲೆ ಓತಿ, ಬಾಯಲ್ಲಿ ರೆಕ್ಕೆ. 6.50 ಈ ವರ್ಷದ ಮೊದಲ ಕಪ್ಪೆ ಕೂಗು, ಒಂದೇ. ಉತ್ತರವಿಲ್ಲ. 7.05 ಎರಡನೆಯದು, ಗದ್ದೆ ಕಡೆಯಿಂದ. 7.15 ಮಿಂಚುಹುಳ ಏಳು. ಟಾರ್ಚ್ ಆರಿಸಿ ಮನೆಗೆ.”